ಗೀಳಿಗೆ ಹೆಣ್ಣು–ಗಂಡೆಂಬ ಭೇದವಿದೆಯೇ?

ಎಷ್ಟು ತೊಳೆದರೂ ಕೈ ಶುದ್ಧವಾಯಿತೆಂಬ ಸಮಾಧಾನ ಸಿಗದ ಹುಡುಗಿಗೆ ಮನೆಯಲ್ಲಿ ಸಿಗುವ ಬಿರುದು 'ಕ್ಲೀನು ಜಾಸ್ತಿ'. ಒಂದೇ ಪುಟವನ್ನು ಹತ್ತು ಸಲ ಓದಿಯೂ ಮುಂದಿನ ಪುಟಕ್ಕೆ ಹೋಗಲಾಗದ ಹುಡುಗನಿಗೆ ಸಿಗುವುದು 'ಸೋಮಾರಿ'. ಹಳೆಯ ಪತ್ರಿಕೆ, ಕೆಟ್ಟ ಫ್ಯಾನು, ತುಕ್ಕು ಹಿಡಿದ ಮೊಳೆ ಯಾವುದನ್ನೂ ಬಿಸಾಡಲು ಬಿಡದ ಅಜ್ಜ 'ಜಿಪುಣ'. ಕಪಾಟು ತುಂಬಿ ಮಂಚದ ಮೇಲೂ ರಾಶಿ ಬಿದ್ದಿರುವಾಗ ಮತ್ತೆ ಮತ್ತೆ ಬಟ್ಟೆ, ಪಾತ್ರೆ ಕೊಂಡು ತರುವ ಚಿಕ್ಕಮ್ಮ 'ದುಂದುಗಾರ್ತಿ'.

ಈ ನಾಲ್ವರಲ್ಲಿ ಯಾರಿಗೆ ಬೇಕಾದರೂ ಇರುವುದು ಸ್ವಭಾವವಲ್ಲ, ಕಾಯಿಲೆಯಾಗಿರಬಹುದು. ಆದರೆ ನಾವು ಅದನ್ನು ಕಾಯಿಲೆ ಎಂದು ಗುರುತಿಸುವುದಿಲ್ಲ. ಹೆಣ್ಣು ಹೀಗೆ, ಗಂಡು ಹಾಗೆ ಎಂಬ ನಮ್ಮ ಮೊದಲೇ ಸಿದ್ಧವಾದ ತೀರ್ಪುಗಳು ಅಡ್ಡ ಬರುತ್ತವೆ. ಗೀಳು ಮನೋರೋಗ, ಅಂದರೆ ಎಲ್ಲರೂ ಒಸಿಡಿ ಎಂದು ಕರೆಯುವ ಕಾಯಿಲೆ, ಮತ್ತು ಅದರ ಸಮೀಪದ ನೆಂಟನಾದ ಕೂಡಿಡುವ ರೋಗ, ಅಂದರೆ ಹೋರ್ಡಿಂಗ್, ಇವೆರಡೂ ಹೆಣ್ಣು ಗಂಡು ಇಬ್ಬರಿಗೂ ಬರುತ್ತವೆ. ಆದರೆ ಬರುವ ವಯಸ್ಸು, ತೋರುವ ಲಕ್ಷಣ, ವೈದ್ಯರ ಬಳಿಗೆ ಹೋಗುವ ರೀತಿ ಇವುಗಳಲ್ಲಿ ವ್ಯತ್ಯಾಸವಿದೆ. ಪಿಯುಸಿ ವಯಸ್ಸು ಈ ಕಾಯಿಲೆಗಳು ತಲೆ ಎತ್ತುವ ವಯಸ್ಸೂ ಹೌದು. ಹಾಗಾಗಿ ಈ ವ್ಯತ್ಯಾಸವನ್ನು ತಿಳಿದಿರುವುದು ನಮಗೆ ಅಗತ್ಯ.

ಗೀಳು ಎಂದರೇನು?

'ನನಗೆ ಸ್ವಲ್ಪ ಒಸಿಡಿ ಇದೆ, ಪುಸ್ತಕ ಸಾಲಾಗಿ ಇಡದಿದ್ದರೆ ಆಗುವುದಿಲ್ಲ' ಎಂದು ತಮಾಷೆಗೆ ಹೇಳುವವರನ್ನು ನಾವೆಲ್ಲ ನೋಡಿದ್ದೇವೆ. ಅಚ್ಚುಕಟ್ಟು ಒಂದು ಅಭ್ಯಾಸ. ಅದರಿಂದ ಸಂತೋಷ ಸಿಗುತ್ತದೆ. ಒಸಿಡಿಯಿಂದ ಸಂತೋಷ ಸಿಗುವುದಿಲ್ಲ.

ಈ ಕಾಯಿಲೆಗೆ ಎರಡು ಭಾಗಗಳಿವೆ. ಮೊದಲನೆಯದು ಗೀಳು ಯೋಚನೆ. ಬೇಡವೆಂದರೂ ಮನಸ್ಸಿಗೆ ನುಗ್ಗುವ ಯೋಚನೆ, ಚಿತ್ರ ಅಥವಾ ಸಂಶಯ. 'ಕೈಗೆ ಕೊಳೆ ಅಂಟಿದೆ', 'ಗ್ಯಾಸ್ ಆಫ್ ಮಾಡಿಲ್ಲ', 'ನಾನು ಯಾರಿಗೋ ಕೇಡು ಮಾಡಿಬಿಡುತ್ತೇನೆ', 'ನನ್ನ ಬಾಯಿಂದ ದೇವನಿಂದನೆ ಬಂದುಬಿಡುತ್ತದೆ' ಎಂಬಂಥವು. ಎರಡನೆಯದು ಆ ಕಳವಳವನ್ನು ತಣಿಸಲು ಮಾಡುವ ಕ್ರಿಯೆ. ತೊಳೆಯುವುದು, ಪರೀಕ್ಷಿಸುವುದು, ಎಣಿಸುವುದು, ಮತ್ತೆ ಮತ್ತೆ ಕೇಳಿ ಖಚಿತಪಡಿಸಿಕೊಳ್ಳುವುದು, ಮನಸ್ಸಿನಲ್ಲೇ ಒಂದು ವಾಕ್ಯವನ್ನು ಇಂತಿಷ್ಟು ಸಲ ಹೇಳಿಕೊಳ್ಳುವುದು ಹೀಗೆ. ಕ್ರಿಯೆ ಮುಗಿದ ಕೂಡಲೇ ಒಂದು ಗಳಿಗೆ ನಿರಾಳ. ಮೆದುಳು ಆ ನಿರಾಳವನ್ನೇ ಕಲಿತುಬಿಡುತ್ತದೆ. ಮುಂದಿನ ಬಾರಿ ಸಂಶಯ ಬಂದಾಗ ಕ್ರಿಯೆಯನ್ನು ಇನ್ನೂ ಜೋರಾಗಿ ಬೇಡುತ್ತದೆ. ಹೀಗೆ ಚಕ್ರ ಬಿಗಿಯಾಗುತ್ತಾ ಹೋಗುತ್ತದೆ. ಇದಕ್ಕೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಸಮಯ ಹೋಗುತ್ತಿದ್ದರೆ, ಅಥವಾ ಓದು, ಊಟ, ನಿದ್ದೆ, ಸಂಬಂಧಗಳು ಕೆಡುತ್ತಿದ್ದರೆ ವೈದ್ಯರು ಅದನ್ನು ಒಸಿಡಿ ಎಂದು ಪರಿಗಣಿಸುತ್ತಾರೆ.

ಇಲ್ಲೊಂದು ಮುಖ್ಯವಾದ ಮಾತಿದೆ. ವಿಚಿತ್ರವಾದ, ಅಸಹ್ಯವಾದ ಯೋಚನೆ ಒಮ್ಮೆ ಮನಸ್ಸಿಗೆ ಬಂದು ಹೋಗುವುದು ಕಾಯಿಲೆಯಲ್ಲ. ಎಸ್. ರಾಕ್ಮನ್ ಮತ್ತು ಪದ್ಮಾಲ್ ಡಿ ಸಿಲ್ವಾ ಎಂಬ ಮನೋವಿಜ್ಞಾನಿಗಳು 1978ರಲ್ಲೇ ತೋರಿಸಿದಂತೆ, ಯಾವ ಕಾಯಿಲೆಯೂ ಇಲ್ಲದ ಬಹುಪಾಲು ಜನರಿಗೂ ಅಂಥ ಯೋಚನೆಗಳು ಬರುತ್ತವೆ. ಅವರು ಅದನ್ನು ಅಷ್ಟಕ್ಕೇ ಬಿಡುತ್ತಾರೆ. ಒಸಿಡಿ ಇರುವವರು ಬಿಡಲಾರರು. 'ಇಂಥ ಯೋಚನೆ ನನಗೇಕೆ ಬಂತು? ಹಾಗಾದರೆ ನಾನೆಂಥ ಮನುಷ್ಯ?' ಎಂದು ಅದನ್ನೇ ಹಿಡಿದು ಕೂರುತ್ತಾರೆ.

ಯಾರಿಗೆ ಹೆಚ್ಚು, ಯಾವಾಗ?

ಒಟ್ಟಾರೆ ನೋಡಿದರೆ ಒಸಿಡಿ ಹೆಂಗಸರಲ್ಲಿ ತುಸು ಹೆಚ್ಚು. ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಬದುಕಿನಲ್ಲಿ ಒಮ್ಮೆಯಾದರೂ ಒಸಿಡಿಗೆ ಒಳಗಾಗುವವರು ಹೆಂಗಸರಲ್ಲಿ ಶೇಕಡಾ 1.5, ಗಂಡಸರಲ್ಲಿ ಶೇಕಡಾ 1. ನಮ್ಮ ದೇಶದಲ್ಲಿ ನಿಮ್ಹಾನ್ಸ್ ಸಂಸ್ಥೆಯು 12 ರಾಜ್ಯಗಳಲ್ಲಿ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಸುಮಾರು ಶೇಕಡಾ 0.8ರಷ್ಟು ವಯಸ್ಕರಲ್ಲಿ ಒಸಿಡಿ ಕಂಡುಬಂತು. ಅಲ್ಲಿಯೂ ಹೆಂಗಸರ ಪ್ರಮಾಣವೇ ಹೆಚ್ಚು.

ಆದರೆ ವಯಸ್ಸನ್ನು ಬಿಡಿಸಿ ನೋಡಿದರೆ ಚಿತ್ರ ಬದಲಾಗುತ್ತದೆ. ಬಾಲ್ಯದಲ್ಲಿ ಒಸಿಡಿ ಬರುವುದು ಹುಡುಗರಿಗೇ ಹೆಚ್ಚು. ಈ ಕಾಯಿಲೆ ಇರುವ ಗಂಡಸರಲ್ಲಿ ಸುಮಾರು ಕಾಲು ಭಾಗದವರಿಗೆ ಅದು ಹತ್ತು ವರ್ಷ ತುಂಬುವ ಮೊದಲೇ ಆರಂಭವಾಗಿರುತ್ತದೆ. ಹುಡುಗಿಯರಲ್ಲಿ ಆರಂಭವಾಗುವುದು ಸಾಮಾನ್ಯವಾಗಿ ಹದಿಹರೆಯದಲ್ಲಿ ಅಥವಾ ಅದರ ನಂತರ. ಆಮೇಲೆ ಹೆಂಗಸರ ಸಂಖ್ಯೆ ಏರುತ್ತಾ ಹೋಗಿ ಗಂಡಸರನ್ನು ದಾಟುತ್ತದೆ.

ನೆರೆಯ ಕೇರಳದ ಎರ್ನಾಕುಲಂ ಜಿಲ್ಲೆಯಲ್ಲಿ ನಡೆದ ಎರಡು ಅಧ್ಯಯನಗಳು ನಮ್ಮ ವಯಸ್ಸಿನವರ ಬಗ್ಗೆಯೇ ಹೇಳುತ್ತವೆ. 12ರಿಂದ 18 ವರ್ಷದ ಏಳು ಸಾವಿರದಷ್ಟು ವಿದ್ಯಾರ್ಥಿಗಳನ್ನು ಒಳಗೊಂಡ ಮೊದಲನೆಯ ಅಧ್ಯಯನದಲ್ಲಿ ಒಸಿಡಿಯ ಪ್ರಮಾಣ ಹುಡುಗರಲ್ಲಿ ಶೇಕಡಾ 1.1, ಹುಡುಗಿಯರಲ್ಲಿ ಶೇಕಡಾ 0.5. ಅಂದರೆ ಹುಡುಗರಲ್ಲಿ ಎರಡು ಪಟ್ಟು. 18ರಿಂದ 25 ವರ್ಷದ ಕಾಲೇಜು ವಿದ್ಯಾರ್ಥಿಗಳ ಎರಡನೆಯ ಅಧ್ಯಯನದಲ್ಲಿ ಈ ಅಂತರ ಬಹುತೇಕ ಅಳಿಸಿಹೋಗಿತ್ತು. ಹುಡುಗರಲ್ಲಿ ಶೇಕಡಾ 3.5, ಹುಡುಗಿಯರಲ್ಲಿ ಶೇಕಡಾ 3.2. ವಿದ್ಯಾರ್ಥಿಗಳೇ ಪ್ರಶ್ನಾವಳಿ ತುಂಬುವ ಇಂಥ ಅಧ್ಯಯನಗಳಲ್ಲಿ ಸಂಖ್ಯೆ ಸ್ವಲ್ಪ ಹೆಚ್ಚಾಗಿಯೇ ಬರುತ್ತದೆ ಎಂಬುದನ್ನು ನೆನಪಿಡಬೇಕು. ಆದರೂ ಇವು ತೋರಿಸುವ ದಾರಿ ಸ್ಪಷ್ಟ. ಶಾಲೆಯ ಮೆಟ್ಟಿಲು ಇಳಿದು ಕಾಲೇಜಿನ ಮೆಟ್ಟಿಲು ಹತ್ತುವ ಹೊತ್ತಿಗೆ ಹುಡುಗಿಯರೂ ಹುಡುಗರೂ ಸರಿಸಮಾನವಾಗಿ ಈ ಕಾಯಿಲೆಗೆ ಸಿಲುಕುತ್ತಾರೆ. ಒಸಿಡಿ ಇದ್ದ ವಿದ್ಯಾರ್ಥಿಗಳಲ್ಲಿ ಓದಿನ ಹಿನ್ನಡೆ ಮತ್ತು ಆತ್ಮಹತ್ಯೆಯ ಯೋಚನೆ ಇತರರಿಗಿಂತ ಹೆಚ್ಚಾಗಿದ್ದುದನ್ನೂ ಮೊದಲನೆಯ ಅಧ್ಯಯನ ದಾಖಲಿಸಿದೆ. ಹಾಗಾಗಿ ಇದು ನಕ್ಕು ಬಿಡುವ ವಿಷಯವಲ್ಲ.

ತೋರುವ ಮುಖ ಬೇರೆ

ಗೀಳಿನ ವಿಷಯದಲ್ಲೂ ವ್ಯತ್ಯಾಸವಿದೆ. ಕೊಳೆ, ರೋಗಾಣು, ಅಶುದ್ಧಿಯ ಭಯ ಮತ್ತು ಅದರಿಂದ ಹುಟ್ಟುವ ತೊಳೆಯುವಿಕೆ ಹೆಂಗಸರಲ್ಲಿ ಹೆಚ್ಚು. ಆಕ್ರಮಣ, ಲೈಂಗಿಕತೆ, ಧರ್ಮ ಇವಕ್ಕೆ ಸಂಬಂಧಿಸಿದ ನಿಷಿದ್ಧ ಯೋಚನೆಗಳು ಹಾಗೂ ಎಲ್ಲವೂ ಸಮವಾಗಿ, ಸರಿಯಾಗಿ ಇರಲೇಬೇಕೆಂಬ ಗೀಳು ಗಂಡಸರಲ್ಲಿ ಹೆಚ್ಚು. ಕಣ್ಣು ಮಿಟುಕಿಸುವುದು, ಭುಜ ಕುಣಿಸುವುದು, ಗಂಟಲು ಸರಿಮಾಡುವುದು ಮುಂತಾದ ತಡೆಯಲಾಗದ ಸೆಳೆತಗಳು ಒಸಿಡಿಯ ಜೊತೆಗೆ ಕಾಣಿಸಿಕೊಳ್ಳುವುದೂ ಹುಡುಗರಲ್ಲೇ ಹೆಚ್ಚು. ಇವನ್ನು ಟಿಕ್ ಎನ್ನುತ್ತಾರೆ. ಹೆಂಗಸರಲ್ಲಿ ಒಸಿಡಿಯ ಜೊತೆ ಆಹಾರ ಸೇವನೆಯ ತೊಂದರೆಗಳು ಬರುವ ಸಾಧ್ಯತೆ ಹೆಚ್ಚು. ಗಂಡಸರಲ್ಲಿ ಮಾದಕ ವಸ್ತುಗಳ ಬಳಕೆ ಸೇರಿಕೊಳ್ಳುವ ಸಾಧ್ಯತೆ ಹೆಚ್ಚು.

ಈ ವ್ಯತ್ಯಾಸದ ಪರಿಣಾಮ ಏನೆಂದು ನೋಡಿ. ತೊಳೆಯುವುದು ಕಣ್ಣಿಗೆ ಕಾಣುತ್ತದೆ, ಆದರೆ ಹುಡುಗಿ ತೊಳೆದರೆ ನಮಗೆ ಅಸಹಜ ಎನಿಸುವುದಿಲ್ಲ. ಮನೆಯನ್ನು ಚೊಕ್ಕವಾಗಿಡುವುದು ಹೆಣ್ಣಿನ ಕೆಲಸ ಎಂದು ನಾವು ಒಪ್ಪಿಬಿಟ್ಟಿದ್ದೇವೆ. ಚರ್ಮ ಒಡೆದು ರಕ್ತ ಬರುವವರೆಗೆ ಅದು ಒಳ್ಳೆಯ ಗುಣವಾಗಿಯೇ ಉಳಿಯುತ್ತದೆ. ಹುಡುಗನ ವಿಷಯ ಇನ್ನೊಂದು ಬಗೆ. ಅವನ ಕ್ರಿಯೆಗಳು ಹಲವು ಬಾರಿ ಮನಸ್ಸಿನೊಳಗೇ ನಡೆಯುತ್ತವೆ. ಎಣಿಸುವುದು, ಕೆಟ್ಟ ಯೋಚನೆಗೆ ಪ್ರತಿಯಾಗಿ ಒಳ್ಳೆಯ ಮಾತನ್ನು ಇಂತಿಷ್ಟು ಸಲ ಹೇಳಿಕೊಳ್ಳುವುದು, ಆಗಿಹೋದ ಘಟನೆಯನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಓಡಿಸಿ ನೋಡುವುದು. ಹೊರಗಿನಿಂದ ನೋಡಿದರೆ ಹುಡುಗ ಸುಮ್ಮನೆ ಕುಳಿತಿದ್ದಾನೆ, ಪಾಠದ ಮೇಲೆ ಗಮನವಿಲ್ಲ. ಒಳಗೆ ಅವನು ಬೆವರುತ್ತಿದ್ದಾನೆ.

ಇವೆಲ್ಲ ಸರಾಸರಿಯ ಮಾತುಗಳು ಎಂಬುದನ್ನು ಮರೆಯಬಾರದು. ಅಮೆರಿಕದ ವಿಮಾನ ಉದ್ಯಮಿ ಹಾಗೂ ಸಿನಿಮಾ ನಿರ್ಮಾಪಕ ಹೊವರ್ಡ್ ಹ್ಯೂಸ್‌ಗೆ ಇದ್ದದ್ದು ರೋಗಾಣುಗಳ ಭಯ. ಕೊನೆಯ ವರ್ಷಗಳನ್ನು ಅವರು ಹೋಟೆಲ್ ಕೋಣೆಗಳಲ್ಲಿ ಬಾಗಿಲು ಮುಚ್ಚಿ ಕಳೆದರು. ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ ಎಲ್ಲವೂ ಸಾಲಾಗಿ, ಜೋಡಿಯಾಗಿ ಇರಬೇಕೆಂಬ ತಮ್ಮ ಗೀಳಿನ ಬಗ್ಗೆ ಬಹಿರಂಗವಾಗಿ ಮಾತಾಡಿದ್ದಾರೆ. ತೊಳೆಯುವ ಗಂಡಸರಿದ್ದಾರೆ, ನಿಷಿದ್ಧ ಯೋಚನೆಗಳಿಂದ ನರಳುವ ಹೆಂಗಸರಿದ್ದಾರೆ. 'ಇದು ಹೆಂಗಸರ ಲಕ್ಷಣ' ಎಂದು ಗಂಡಸನ್ನು ಪಟ್ಟಿಯಿಂದ ಬಿಡುವುದೂ ತಪ್ಪು, 'ಹುಡುಗಿಯರಿಗೆ ಇಂಥ ಯೋಚನೆ ಬರುವುದಿಲ್ಲ' ಎಂದು ಬಾಯಿ ಮುಚ್ಚಿಸುವುದೂ ತಪ್ಪು.

ವಸ್ವಾಸ್: ಭಕ್ತಿಯೋ ಕಾಯಿಲೆಯೋ?

ಗೀಳು ಯಾವಾಗಲೂ ಮನುಷ್ಯನಿಗೆ ಅತ್ಯಂತ ಮುಖ್ಯವಾದುದನ್ನೇ ಹಿಡಿದುಕೊಳ್ಳುತ್ತದೆ. ತಾಯಿಗೆ ಮಗು, ವಿದ್ಯಾರ್ಥಿಗೆ ಪರೀಕ್ಷೆ, ಧರ್ಮನಿಷ್ಠನಿಗೆ ಆರಾಧನೆ. ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದ ಮನೋವೈದ್ಯ ಅಹ್ಮದ್ ಓಕಾಶಾ ಮತ್ತು ಸಂಗಡಿಗರು 90 ಒಸಿಡಿ ರೋಗಿಗಳನ್ನು ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದ ವರದಿಯಲ್ಲಿ ಧಾರ್ಮಿಕ ಗೀಳು ಮತ್ತು ಅಶುದ್ಧಿಯ ಗೀಳುಗಳೇ ಮುಂಚೂಣಿಯಲ್ಲಿದ್ದವು. ವುಝೂ ಆಯಿತೋ ಇಲ್ಲವೋ, ಮುರಿಯಿತೋ ಏನೋ, ನಿಯ್ಯತ್ ಸರಿಯಾಗಿತ್ತೋ, ಎಷ್ಟು ರಕಅತ್ ಆಯಿತು ಎಂಬ ಸಂಶಯಗಳು ಮುಸ್ಲಿಮ್ ಸಮಾಜಗಳಲ್ಲಿ ಗೀಳು ತೊಡುವ ಸಾಮಾನ್ಯ ವೇಷಗಳು. ಹಿಂದೂ, ಕ್ರೈಸ್ತ, ಯಹೂದಿ ಸಮಾಜಗಳಲ್ಲಿ ಅದೇ ಗೀಳು ಬೇರೆ ವೇಷ ತೊಡುತ್ತದೆ. ಇದರಲ್ಲಿ ಧರ್ಮದ ತಪ್ಪೇನೂ ಇಲ್ಲ. ಕಾಯಿಲೆ ತನಗೆ ಬೇಕಾದ ಬಟ್ಟೆಯನ್ನು ಮನೆಯಿಂದಲೇ ಎತ್ತಿಕೊಳ್ಳುತ್ತದೆ, ಅಷ್ಟೇ.

ನಮ್ಮ ವಿದ್ವಾಂಸರು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದರು. ಇಂದಿನ ಅಫ್ಘಾನಿಸ್ತಾನದ ಬಲ್ಖ್ ಪ್ರದೇಶದವರಾದ, ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ದೇಹ ಮತ್ತು ಮನಸ್ಸುಗಳ ಆರೋಗ್ಯದ ಕುರಿತು ಬರೆದ ತಮ್ಮ ಗ್ರಂಥದಲ್ಲಿ ಗೀಳು ಯೋಚನೆಗಳನ್ನು ಮನಸ್ಸಿನ ಕಾಯಿಲೆಗಳಲ್ಲಿ ಒಂದೆಂದು ಪ್ರತ್ಯೇಕವಾಗಿ ವಿವರಿಸಿದರು. ಅದಕ್ಕೆ ಎದುರು ಯೋಚನೆಗಳನ್ನು ರೂಢಿಸಿಕೊಳ್ಳುವ ಚಿಕಿತ್ಸೆಯನ್ನೂ ಸೂಚಿಸಿದರು. 1223ರಲ್ಲಿ ತೀರಿಕೊಂಡ ಇಬ್ನ್ ಕುದಾಮಾ ಶುದ್ಧೀಕರಣದಲ್ಲಿ ಅತಿರೇಕಕ್ಕೆ ಹೋಗುವ ವಸ್ವಾಸಿನ ವಿರುದ್ಧ ಒಂದು ಪ್ರತ್ಯೇಕ ಕೃತಿಯನ್ನೇ ಬರೆದರು. ಖಚಿತವಾಗಿ ಆದದ್ದು ಬರೀ ಸಂಶಯದಿಂದ ರದ್ದಾಗುವುದಿಲ್ಲ ಎಂಬುದು ಫಿಕ್ಹ್ ಶಾಸ್ತ್ರದ ಪ್ರಸಿದ್ಧ ಸೂತ್ರ.

ಆದರೆ ಕಾಯಿಲೆ ಬಲಿತವರಿಗೆ ಈ ಸೂತ್ರ ಗೊತ್ತಿದ್ದರೂ ಪಾಲಿಸಲಾಗುವುದಿಲ್ಲ. 'ಈಮಾನ್ ಗಟ್ಟಿ ಮಾಡಿಕೋ' ಎಂಬ ಉಪದೇಶ ಅವರ ಅಪರಾಧಪ್ರಜ್ಞೆಯನ್ನು ಇನ್ನಷ್ಟು ಹೆಚ್ಚಿಸುತ್ತದೆ. ದೇವನಿಂದನೆಯ ಯೋಚನೆ ಬರುತ್ತದೆಂದು ನಮಾಝನ್ನೇ ದೂರವಿಡುವ ಹುಡುಗ ಧರ್ಮದಿಂದ ದೂರ ಹೋದವನಲ್ಲ. ಧರ್ಮದ ಮೇಲಿನ ಪ್ರೀತಿಯೇ ಅವನ ಭಯದ ಮೂಲ. ನಳ್ಳಿಯ ಬಳಿ ಅರ್ಧ ಗಂಟೆ ನಿಲ್ಲುವ ಹುಡುಗಿ ಇತರರಿಗಿಂತ ಹೆಚ್ಚು ಭಕ್ತೆಯೂ ಅಲ್ಲ, ಕಡಿಮೆ ಭಕ್ತೆಯೂ ಅಲ್ಲ. ಇಂಥವರಿಗೆ ವೈದ್ಯರ ಚಿಕಿತ್ಸೆ ಬೇಕು. ಎಷ್ಟು ತೊಳೆದರೆ ಸಾಕು ಎಂದು ಒಮ್ಮೆ ಸ್ಪಷ್ಟವಾಗಿ ಹೇಳಬಲ್ಲ ವಿದ್ವಾಂಸರ ಬೆಂಬಲವೂ ಜೊತೆಗಿದ್ದರೆ ಚಿಕಿತ್ಸೆ ಸುಲಭವಾಗುತ್ತದೆ.

ತಾಯಂದಿರ ಮಾತು

ಹೆಂಗಸರ ವಿಷಯದಲ್ಲಿ ಇನ್ನೊಂದು ಘಟ್ಟವಿದೆ. ಗರ್ಭಧಾರಣೆ ಮತ್ತು ಬಾಣಂತನದ ಕಾಲದಲ್ಲಿ ಒಸಿಡಿ ಹೊಸದಾಗಿ ಶುರುವಾಗಬಹುದು, ಇದ್ದದ್ದು ಹೆಚ್ಚಾಗಬಹುದು. ಕೆಲವರಿಗೆ ಮುಟ್ಟಿನ ಮುಂಚಿನ ದಿನಗಳಲ್ಲಿ ಲಕ್ಷಣಗಳು ಬಿಗಡಾಯಿಸುತ್ತವೆ. ಹೆಂಗಸರಲ್ಲಿ ಈ ಕಾಯಿಲೆ ತಡವಾಗಿ ಬಂದರೂ ಒಟ್ಟು ಸಂಖ್ಯೆಯಲ್ಲಿ ಮುಂದಿರುವುದಕ್ಕೆ ಇದೂ ಒಂದು ಕಾರಣ.

ಬಾಣಂತಿಯ ಗೀಳು ಹೆಚ್ಚಾಗಿ ಮಗುವಿನ ಸುತ್ತ. 'ನನ್ನ ಕೈಯಿಂದ ಮಗುವಿಗೆ ಏನಾದರೂ ಆಗಿಬಿಟ್ಟರೆ?' ಎಂಬ ಯೋಚನೆ ಬಂದು ತಾಯಿ ನಡುಗುತ್ತಾಳೆ. ಚಾಕು ಮುಟ್ಟಲು ಹೆದರುತ್ತಾಳೆ, ಮಗುವಿಗೆ ಸ್ನಾನ ಮಾಡಿಸಲು ಹೆದರುತ್ತಾಳೆ. ಯಾರಿಗೂ ಹೇಳಲಾರಳು. ಹೇಳಿದರೆ 'ಎಂಥ ತಾಯಿ' ಎನ್ನುತ್ತಾರೆ. ವಾಸ್ತವವಾಗಿ ಈ ಯೋಚನೆ ಅವಳ ಬಯಕೆಗೆ ನೇರ ವಿರುದ್ಧವಾದದ್ದು. ಅದಕ್ಕೇ ಅಷ್ಟು ಭಯ. ಬಾಣಂತನದ ತೀವ್ರ ಮನೋವಿಕೃತಿಯೊಂದು ಬೇರೆಯೇ ಇದೆ. ಅದರಲ್ಲಿ ಇಲ್ಲದ ದನಿಗಳು ಕೇಳಿಸುತ್ತವೆ, ವಾಸ್ತವದ ಅರಿವು ತಪ್ಪುತ್ತದೆ. ಅದು ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ. ಒಸಿಡಿ ಅದಲ್ಲ. ಎರಡರ ನಡುವಿನ ವ್ಯತ್ಯಾಸವನ್ನು ವೈದ್ಯರು ತಿಳಿಯಬಲ್ಲರು, ಆದರೆ ತಾಯಿ ಬಾಯಿ ಬಿಡುವಂಥ ವಾತಾವರಣ ಮನೆಯಲ್ಲಿರಬೇಕು. ಅಕ್ಕ, ಅತ್ತಿಗೆಯರ ಬಾಣಂತನ ಕಾಣುವ ಮನೆಗಳಲ್ಲಿ ಬೆಳೆಯುವ ನಮಗೆ ಇದು ಗೊತ್ತಿರಬೇಕು.

ಕೂಡಿಡುವ ರೋಗ

1947ರ ಮಾರ್ಚ್ ತಿಂಗಳಲ್ಲಿ ನ್ಯೂಯಾರ್ಕಿನ ಹಾರ್ಲೆಮ್ ಪ್ರದೇಶದ ಒಂದು ಮನೆಗೆ ಪೊಲೀಸರು ಬಂದರು. ಅಲ್ಲಿ ವಾಸಿಸುತ್ತಿದ್ದವರು ಹೋಮರ್ ಮತ್ತು ಲ್ಯಾಂಗ್ಲಿ ಕಾಲಿಯರ್ ಎಂಬ ಅಣ್ಣತಮ್ಮಂದಿರು. ಇಬ್ಬರೂ ವಿದ್ಯಾವಂತರು. ಹೋಮರ್ ವಕೀಲ. ಅವರಿಗೆ ಕಣ್ಣು ಹೋಗಿತ್ತು, ತಮ್ಮನೇ ನೋಡಿಕೊಳ್ಳುತ್ತಿದ್ದ. ಅಣ್ಣನಿಗೆ ದೃಷ್ಟಿ ಮರಳಿದಾಗ ಓದಲು ಬೇಕಾಗುತ್ತದೆಂದು ಲ್ಯಾಂಗ್ಲಿ ವರ್ಷಗಟ್ಟಲೆ ದಿನಪತ್ರಿಕೆಗಳನ್ನು ಪೇರಿಸಿಟ್ಟಿದ್ದ. ಮನೆ ಛಾವಣಿಯವರೆಗೆ ತುಂಬಿತ್ತು. ಹೋಮರ್‌ನ ಶವ ಮೊದಲು ಸಿಕ್ಕಿತು. ಲ್ಯಾಂಗ್ಲಿಗಾಗಿ ಎಲ್ಲೆಡೆ ಹುಡುಕಿದರು. ಎರಡು ವಾರಗಳ ಮೇಲೆ ಅವನ ಶವ ಅದೇ ಕೋಣೆಯಲ್ಲಿ, ಅಣ್ಣನಿಂದ ಕೆಲವೇ ಅಡಿ ದೂರದಲ್ಲಿ, ಕುಸಿದ ರಾಶಿಯ ಅಡಿಯಲ್ಲಿ ಸಿಕ್ಕಿತು. ಅಣ್ಣನಿಗೆ ಊಟ ಒಯ್ಯುವಾಗ ರಾಶಿ ಮೈಮೇಲೆ ಬಿದ್ದಿತ್ತು. ಕುರುಡ ಅಣ್ಣ ಅನ್ನ ನೀರಿಲ್ಲದೆ ಸತ್ತಿದ್ದ. ಆ ಮನೆಯಿಂದ ಹೊರತೆಗೆದ ಸಾಮಾನು ನೂರು ಟನ್‌ಗೂ ಹೆಚ್ಚು. ಅದರಲ್ಲಿ ಹದಿನಾಲ್ಕು ಪಿಯಾನೊಗಳಿದ್ದವು.

ಕೂಡಿಡುವ ರೋಗವನ್ನು ಬಹಳ ಕಾಲ ಒಸಿಡಿಯ ಒಂದು ಲಕ್ಷಣವೆಂದೇ ಭಾವಿಸಲಾಗಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ತನ್ನ ಕೈಪಿಡಿಯಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಸೇರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2022ರಿಂದ ಜಾರಿಯಲ್ಲಿರುವ ರೋಗಪಟ್ಟಿಯಲ್ಲೂ ಅದು ಪ್ರತ್ಯೇಕವಾಗಿದೆ. ಇದಕ್ಕೆ ಕಾರಣವಿದೆ. ಕೂಡಿಡುವ ರೋಗ ಇರುವ ಐವರಲ್ಲಿ ಹೆಚ್ಚೆಂದರೆ ಒಬ್ಬರಿಗೆ ಮಾತ್ರ ಒಸಿಡಿಯೂ ಇರುತ್ತದೆ. ಒಸಿಡಿಯವರಿಗೆ ತಮ್ಮ ಯೋಚನೆ ಬೇಡವಾದ ಅತಿಥಿ. ಕೂಡಿಡುವವರಿಗೆ ಹಾಗಲ್ಲ. ವಸ್ತು ಸಿಕ್ಕಾಗ ಖುಷಿ, ಇಟ್ಟುಕೊಂಡರೆ ನೆಮ್ಮದಿ. ಸಂಕಟ ಶುರುವಾಗುವುದು ಬಿಸಾಡಬೇಕಾಗಿ ಬಂದಾಗ.

ಅಟ್ಟದಲ್ಲಿ ಹಳೆ ಸಾಮಾನು ಇರುವುದು, ಪ್ಲಾಸ್ಟಿಕ್ ಕವರು ಮಡಚಿಡುವುದು ರೋಗವಲ್ಲ. ಅದು ಮಿತವ್ಯಯ. ನಾಣ್ಯ, ಅಂಚೆಚೀಟಿ ಸಂಗ್ರಹವೂ ರೋಗವಲ್ಲ. ಸಂಗ್ರಾಹಕ ಜೋಡಿಸಿಡುತ್ತಾನೆ, ಇತರರಿಗೆ ತೋರಿಸುತ್ತಾನೆ. ಬೆಲೆಯಿಲ್ಲದ ವಸ್ತುವನ್ನೂ ಬಿಡಲಾಗದೆ, ಮಲಗುವ ಮಂಚ ಮಲಗಲು, ಒಲೆ ಅಡುಗೆ ಮಾಡಲು, ಬಾಗಿಲು ಓಡಾಡಲು ಸಿಗದಷ್ಟು ರಾಶಿ ಬಿದ್ದಾಗ ಮಾತ್ರ ಅದನ್ನು ರೋಗ ಎನ್ನುತ್ತಾರೆ.

ಇದು ಗಂಡಸರಿಗೆ ಹೆಚ್ಚೋ ಹೆಂಗಸರಿಗೆ ಹೆಚ್ಚೋ? ಉತ್ತರ ನಾವು ಎಲ್ಲಿ ನಿಂತು ಎಣಿಸುತ್ತೇವೆ ಎಂಬುದರ ಮೇಲಿದೆ. ಚಿಕಿತ್ಸೆಗೆ ಬರುವವರಲ್ಲಿ, ಸಂಶೋಧನೆಗೆ ತಾವಾಗಿ ಹೆಸರು ಕೊಡುವವರಲ್ಲಿ ಹೆಂಗಸರೇ ಹೆಚ್ಚು. ಆದರೆ ಸಮಾಜದ ನಡುವೆ ಹೋಗಿ ಎಣಿಸಿದಾಗ ಹಾಗಿಲ್ಲ. ಬ್ರಿಟನ್ನಿನ ಅವಳಿಜವಳಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ತೀವ್ರವಾಗಿ ಕೂಡಿಡುವವರ ಪ್ರಮಾಣ ಗಂಡಸರಲ್ಲಿ ಶೇಕಡಾ 4.1, ಹೆಂಗಸರಲ್ಲಿ ಶೇಕಡಾ 2.1. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆಯಲ್ಲಿ ಒಟ್ಟು ಪ್ರಮಾಣ ಸುಮಾರು ಶೇಕಡಾ 2.5, ಹೆಣ್ಣು ಗಂಡಿನ ನಡುವೆ ಹೆಚ್ಚು ಕಡಿಮೆ ಸಮ. ಅಂದರೆ ಗಂಡಸರಿಗೂ ಈ ರೋಗ ಇದೆ, ಆದರೆ ಅವರು ವೈದ್ಯರ ಬಳಿ ಬರುತ್ತಿಲ್ಲ.

ರೀತಿಯಲ್ಲೂ ವ್ಯತ್ಯಾಸವಿದೆ. ಹೆಂಗಸರಲ್ಲಿ ಅತಿಯಾಗಿ ಕೊಂಡು ತುಂಬುವುದು ಹೆಚ್ಚು. ಸಾಕಲಾಗದಷ್ಟು ಪ್ರಾಣಿಗಳನ್ನು ಮನೆಯಲ್ಲಿ ತುಂಬಿಕೊಳ್ಳುವ ಒಂದು ಬಗೆಯೂ ಇದೆ. ಅಮೆರಿಕದಲ್ಲಿ ಇದರ ಬಗ್ಗೆ ಗ್ಯಾರಿ ಪ್ಯಾಟ್ರೊನೆಕ್ 1999ರಲ್ಲಿ ಪ್ರಕಟಿಸಿದ ವರದಿಯ ಪ್ರಕರಣಗಳಲ್ಲಿ ಮುಕ್ಕಾಲು ಪಾಲು ಹೆಂಗಸರದ್ದು.

ಈ ರೋಗ ಮುದುಕರಲ್ಲಿ ಹೆಚ್ಚಾಗಿ ಕಾಣುತ್ತದೆ, ಆದರೆ ಹುಟ್ಟುವುದು ಎಳೆಯ ವಯಸ್ಸಿನಲ್ಲಿ. ಲಕ್ಷಣಗಳು ಮೊದಲು ತೋರುವುದು 11ರಿಂದ 15 ವರ್ಷದ ಆಸುಪಾಸಿನಲ್ಲಿ. ಇಪ್ಪತ್ತರ ನಡುವಿನಲ್ಲಿ ದಿನನಿತ್ಯದ ಬದುಕಿಗೆ ಅಡ್ಡಿಯಾಗತೊಡಗುತ್ತದೆ, ಮೂವತ್ತರ ನಡುವಿನಲ್ಲಿ ಮನೆ ತುಂಬುತ್ತದೆ. ಎಳೆಯರ ಕೋಣೆಯನ್ನು ತಾಯಿ ಗುಡಿಸಿ ಖಾಲಿ ಮಾಡುತ್ತಿರುವುದರಿಂದ ಅದು ಹೊರಗೆ ಕಾಣುವುದಿಲ್ಲ, ಅಷ್ಟೇ. ಬಡತನ ಕಂಡವರು ಕೂಡಿಡುತ್ತಾರೆ ಎಂಬ ನಂಬಿಕೆಗೆ ಅಧ್ಯಯನಗಳಲ್ಲಿ ಬೆಂಬಲ ಸಿಕ್ಕಿಲ್ಲ. ಆಪ್ತರ ಸಾವಿನಂಥ ಆಘಾತಗಳ ನಂತರ ಅದು ಹೆಚ್ಚಾಗುವುದು ಮಾತ್ರ ಕಂಡುಬಂದಿದೆ. ರಕ್ತಸಂಬಂಧಿಗಳಲ್ಲಿ ಹರಿದು ಬರುವ ಗುಣವೂ ಇದಕ್ಕಿದೆ.

ಈ ವ್ಯತ್ಯಾಸ ಏಕೆ?

ಒಂದೇ ಕಾರಣವಿಲ್ಲ. ಬಾಲ್ಯದಲ್ಲೇ ಬರುವ, ಟಿಕ್ ಜೊತೆಗಿರುವ ಒಸಿಡಿಯಲ್ಲಿ ವಂಶವಾಹಿಗಳ ಪಾತ್ರ ದೊಡ್ಡದು. ಟಿಕ್ ಗಂಡು ಮಕ್ಕಳಲ್ಲೇ ಹೆಚ್ಚಾದ್ದರಿಂದ ಈ ಬಗೆಯೂ ಅವರಲ್ಲೇ ಹೆಚ್ಚು. ಹೆಂಗಸರಲ್ಲಿ ಋತುಚಕ್ರ, ಗರ್ಭ, ಹೆರಿಗೆಯ ಕಾಲದ ಹಾರ್ಮೋನುಗಳ ಏರಿಳಿತ ಮೆದುಳಿನ ರಾಸಾಯನಿಕಗಳ ಮೇಲೆ ಪ್ರಭಾವ ಬೀರುತ್ತದೆ. ಮೂರನೆಯದು ಸಮಾಜ. ಅಡುಗೆಮನೆ, ಮಗು, ಶುಚಿತ್ವ ಯಾರ ಹೆಗಲ ಮೇಲಿದೆಯೋ ಅವರ ಗೀಳು ಅದನ್ನೇ ಹಿಡಿಯುತ್ತದೆ. ಯಾರಿಗೆ ಅಳುವ, ಕಷ್ಟ ಹೇಳಿಕೊಳ್ಳುವ ಅವಕಾಶವಿಲ್ಲವೋ ಅವರ ಕಾಯಿಲೆ ಒಳಗೇ ಬಲಿಯುತ್ತದೆ. ಮೊದಲಿನೆರಡು ಕಾರಣಗಳ ಮೇಲೆ ನಮಗೆ ಹಿಡಿತವಿಲ್ಲ. ಮೂರನೆಯದು ನಮ್ಮ ಕೈಯಲ್ಲಿದೆ.

ಚಿಕಿತ್ಸೆ ಇದೆ

ಚಿಕಿತ್ಸೆಯ ಮೂಲತತ್ತ್ವ ಹೆಣ್ಣಿಗೂ ಗಂಡಿಗೂ ಒಂದೇ. ಒಸಿಡಿಗೆ ಅತ್ಯಂತ ಪರಿಣಾಮಕಾರಿಯಾದ ಮನೋಚಿಕಿತ್ಸೆಯಲ್ಲಿ ರೋಗಿ ತಾನು ಹೆದರುವ ಸನ್ನಿವೇಶವನ್ನು ಸ್ವಲ್ಪ ಸ್ವಲ್ಪವಾಗಿ ಎದುರಿಸುತ್ತಾನೆ ಮತ್ತು ಕ್ರಿಯೆಯನ್ನು ತಡೆಹಿಡಿಯುತ್ತಾನೆ. ಬಾಗಿಲ ಹಿಡಿ ಮುಟ್ಟುವುದು, ಆದರೆ ಕೈ ತೊಳೆಯದಿರುವುದು. ಒಮ್ಮೆ ವುಝೂ ಮಾಡುವುದು, ಸಂಶಯ ಬಂದರೂ ಹಿಂದಿರುಗದಿರುವುದು. ಕಳವಳ ಮೊದಲು ಏರುತ್ತದೆ. ಆಮೇಲೆ ಯಾರೂ ಏನೂ ಮಾಡದೆ ತಾನಾಗಿ ಇಳಿಯುತ್ತದೆ. ಕ್ರಿಯೆ ಇಲ್ಲದೆಯೂ ಏನೂ ಅನಾಹುತವಾಗಲಿಲ್ಲ ಎಂಬುದನ್ನು ಮೆದುಳು ಅನುಭವದಿಂದ ಕಲಿಯುತ್ತದೆ. 1966ರಲ್ಲಿ ವಿಕ್ಟರ್ ಮೇಯರ್ ಲಂಡನ್ನಿನಲ್ಲಿ ಇಂಥ ಚಿಕಿತ್ಸೆಯ ಫಲವನ್ನು ವರದಿ ಮಾಡಿದ ಮೇಲೆ ಅದು ಜಗತ್ತಿನೆಲ್ಲೆಡೆ ಬಳಕೆಗೆ ಬಂತು.

ಫ್ಲೂಆಕ್ಸೆಟಿನ್, ಸರ್ಟ್ರಲೀನ್ ಮುಂತಾದ ಔಷಧಗಳೂ ಇವೆ. ಇವು ನಿದ್ದೆ ಮಾತ್ರೆಗಳಲ್ಲ. ಒಸಿಡಿಯಲ್ಲಿ ಇವುಗಳ ಫಲ ಪೂರ್ತಿ ಕಾಣಲು ಎರಡು ಮೂರು ತಿಂಗಳೇ ಬೇಕಾಗಬಹುದು. ಹಾಗಾಗಿ ಎರಡು ವಾರ ತಿಂದು 'ಏನೂ ಆಗಲಿಲ್ಲ' ಎಂದು ಬಿಡಬಾರದು. ಗರ್ಭಿಣಿಯರು ಮತ್ತು ಹಾಲೂಡಿಸುವವರು ತಾವಾಗಿ ನಿಲ್ಲಿಸದೆ ವೈದ್ಯರೊಂದಿಗೆ ಮಾತಾಡಿ ತೀರ್ಮಾನಿಸಬೇಕು.

ಕೂಡಿಡುವ ರೋಗಕ್ಕೆ ಔಷಧಕ್ಕಿಂತ ಮನೋಚಿಕಿತ್ಸೆಯೇ ಮುಖ್ಯ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವುದನ್ನು, ಹೊಸದನ್ನು ತಾರದಿರುವುದನ್ನು ಅವರೇ ನಿಧಾನವಾಗಿ ಕಲಿಯಬೇಕು. ಅವರಿಲ್ಲದ ಹೊತ್ತು ನೋಡಿ ಮನೆಯವರು ಎಲ್ಲವನ್ನೂ ಲಾರಿಗೆ ತುಂಬಿಸಿದರೆ ನಂಬಿಕೆ ಹೋಗುತ್ತದೆ, ರಾಶಿ ಮತ್ತೆ ಬೆಳೆಯುತ್ತದೆ.

ಇಷ್ಟೆಲ್ಲ ಇದ್ದರೂ ನಮ್ಮ ದೇಶದಲ್ಲಿ ಒಸಿಡಿ ಇರುವ ಬಹುಪಾಲು ಜನ ಚಿಕಿತ್ಸೆಯನ್ನೇ ಪಡೆಯುತ್ತಿಲ್ಲ.

ನಾವು ಮಾಡಬಹುದಾದದ್ದು

ಗೆಳೆಯ, ಗೆಳತಿ, ತಂಗಿ, ತಂದೆ ಯಾರೇ ಇರಲಿ, ಹೆಣ್ಣೋ ಗಂಡೋ ಎಂದು ನೋಡುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳೋಣ. ಇದಕ್ಕೆ ಎಷ್ಟು ಹೊತ್ತು ಹೋಗುತ್ತಿದೆ? ಇದನ್ನು ಮಾಡದಿದ್ದರೆ ಎಷ್ಟು ಸಂಕಟವಾಗುತ್ತದೆ? ಇದರಿಂದ ಯಾವ ಕೆಲಸ ಕೆಡುತ್ತಿದೆ? ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಬರೆದದ್ದನ್ನೇ ಅಳಿಸಿ ಬರೆಯುತ್ತಾ ಸಮಯ ಸಾಲದೆ ಹೋಗುವುದು, ಸ್ನಾನಕ್ಕೆ ಹೋದವರು ಗಂಟೆಗಟ್ಟಲೆ ಬಾರದಿರುವುದು, 'ಸರಿಯಾಗಿದೆಯಾ?' ಎಂದು ಒಂದೇ ಪ್ರಶ್ನೆಯನ್ನು ದಿನಕ್ಕೆ ಹತ್ತಾರು ಸಲ ಕೇಳುವುದು, ತನ್ನ ಕೋಣೆಗೆ ಯಾರನ್ನೂ ಬಿಡದಿರುವುದು ಇವು ಗಮನಿಸಬೇಕಾದ ಸೂಚನೆಗಳು.

ಮನೆಯವರು ಪ್ರೀತಿಯಿಂದ ಮಾಡುವ ಒಂದು ಸಹಾಯ ಕಾಯಿಲೆಯನ್ನು ಬೆಳೆಸುತ್ತದೆ. ಪ್ರತಿ ಸಲ 'ಹೌದು, ಬಾಗಿಲು ಹಾಕಿದೆ, ಹೌದು, ಕೈ ಶುದ್ಧವಾಗಿದೆ' ಎಂದು ಭರವಸೆ ಕೊಡುತ್ತಾ ಹೋಗುವುದು. ಗದರುವುದೂ ಬೇಡ, ಗೀಳಿನ ಜೊತೆ ಸೇರಿ ಓಡುವುದೂ ಬೇಡ. 'ಇದು ನಿನ್ನ ತಪ್ಪಲ್ಲ, ಇದಕ್ಕೆ ಹೆಸರಿದೆ, ಚಿಕಿತ್ಸೆಯಿದೆ, ಜೊತೆಗೆ ಹೋಗೋಣ' ಎಂದರೆ ಸಾಕು. ಉಪನ್ಯಾಸಕರು ಇಂಥ ವಿದ್ಯಾರ್ಥಿಯನ್ನು ತರಗತಿಯ ಮುಂದೆ ಪ್ರಶ್ನಿಸದೆ ಪ್ರತ್ಯೇಕವಾಗಿ ಕರೆದು ಮಾತಾಡಿಸಿದರೆ ದೊಡ್ಡ ಉಪಕಾರ.

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಒಸಿಡಿಗೆಂದೇ ಪ್ರತ್ಯೇಕ ಕ್ಲಿನಿಕ್ ಇದೆ. ಎಲ್ಲಿಗೂ ಹೋಗಲು ಧೈರ್ಯವಿಲ್ಲದವರು 14416ಕ್ಕೆ ಕರೆ ಮಾಡಬಹುದು. ಇದು 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಗೀಳು ಹೆಣ್ಣನ್ನೂ ಬಿಡುವುದಿಲ್ಲ, ಗಂಡನ್ನೂ ಬಿಡುವುದಿಲ್ಲ. ಅದು ಬೇರೆ ಬೇರೆ ವಯಸ್ಸಿನಲ್ಲಿ, ಬೇರೆ ಬೇರೆ ವೇಷದಲ್ಲಿ ಬರುತ್ತದೆ ಅಷ್ಟೇ. 'ಕ್ಲೀನು ಜಾಸ್ತಿ', 'ಸೋಮಾರಿ', 'ಜಿಪುಣ' ಎಂದು ಹೆಸರಿಟ್ಟು ಕೈತೊಳೆದುಕೊಳ್ಳುವ ಮೊದಲು, ಆ ಮನುಷ್ಯ ಒಳಗೆ ಏನು ಅನುಭವಿಸುತ್ತಿದ್ದಾನೆ, ಏನು ಅನುಭವಿಸುತ್ತಿದ್ದಾಳೆ ಎಂದು ಒಮ್ಮೆ ಕೇಳಿದರೆ ಎಷ್ಟೋ ವರ್ಷಗಳ ನರಳಾಟ ಉಳಿಯುತ್ತದೆ.